ಅಯ್ಯೋ ಪಾಪ ಅನ್ನುವವರಿಗೆ

ಮಗನನ್ನು ಕಳಕೊಂಡ ತಾಯಿ ಟಿ.ವಿ. ಪರದೆಯ ಮೇಲೆ ಅತ್ತರೆ ನಮ್ಮ ಸುಶಿಕ್ಷಿತರ ಕಣ್ಣಲ್ಲೂ ನೀರು ಬರುತ್ತೆ. ಬರಲಿ, ಬೇಡ ಅನ್ನೋಕೆ ನಾವ್ಯಾರು? ಆದರೆ ಕೊಂದವರು ಯಾರು, ಅವರನ್ನು ಕಾಯ್ದವರು ಯಾರು ಅಂತ ಕೇಳಿ ನೋಡಿ. ಟಿ.ವಿ. ಆರಿಸಿ ಊಟಕ್ಕೆ ಏಳುತ್ತಾರೆ. ಈ ಕಣ್ಣೀರಿನ ಮೇಲೇ ನಮ್ಮ ತಕರಾರು.

1993ರ ಏಪ್ರಿಲ್ 22ರ ರಾತ್ರಿ, ಲಂಡನ್ನಿನ ಎಲ್ಥಮ್‌ನಲ್ಲಿ ಗೆಳೆಯನ ಜೊತೆ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ ಕಪ್ಪು ಹುಡುಗನನ್ನು ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಅವನಿಗೆ 18 ವರ್ಷ. ಜಗಳವಿಲ್ಲ, ಹಳೆಯ ದ್ವೇಷವಿಲ್ಲ. ಚರ್ಮದ ಬಣ್ಣವೊಂದೇ ಕಾರಣ. ತಂದೆ ನೆವಿಲ್, ತಾಯಿ ಡೊರೀನ್ ಜಮೈಕಾದಿಂದ ಬಂದು ದುಡಿದು ಬದುಕಿದವರು. ಇಂಗ್ಲೆಂಡಿನಲ್ಲಿ ಹೂತರೆ ಸಮಾಧಿಯನ್ನೂ ಹಾಳು ಮಾಡಿಯಾರು ಅಂತ ಮಗನ ಹೆಣವನ್ನು ಜಮೈಕಾಕ್ಕೆ ಒಯ್ದು ಮಣ್ಣು ಮಾಡಿದರು. ಹೆಣ ಹೂಳೋದಕ್ಕೂ ಊರಿನವರ ಅಪ್ಪಣೆ ಕಾಯುವ ನಮ್ಮ ಕೇರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಾವಿನ ಮೇಲೆ ಬ್ರಿಟನ್ನಿನ ಐಟಿವಿ ಎರಡು ನಾಟಕಗಳನ್ನು ಮಾಡಿತು. ಒಂದು 1999ರದ್ದು, ಪಾಲ್ ಗ್ರೀನ್‌ಗ್ರಾಸ್ ನಿರ್ದೇಶನದ್ದು. ಇನ್ನೊಂದು 2021ರದ್ದು, ಮೂರು ಕಂತುಗಳದ್ದು. ಎರಡರಲ್ಲೂ ತಂದೆಯ ಪಾತ್ರ ಮಾಡಿದವರು ಹ್ಯೂ ಕ್ವಾರ್ಶಿ. 22 ವರ್ಷ ಕಳೆದು ಅದೇ ನಟ ಅದೇ ತಂದೆಯಾಗಿ ಬಂದು ನಿಂತಾಗ, ಮುಖದ ಮೇಲಿನ ಮುಪ್ಪಿಗೆ ಬಣ್ಣ ಬಳಿಯುವ ಕೆಲಸವೇ ಇರಲಿಲ್ಲ. ಕೇಸು ಅಷ್ಟು ವರ್ಷ ಎಳೆದಿತ್ತು.

ಹಳೆಯ ನಾಟಕದಲ್ಲಿ ದುಃಖವಿದೆ. ಆದರೆ ಆ ದುಃಖವನ್ನು ಒಬ್ಬಂಟಿಯಾಗಿ ಕೂತು ಅಳೋದಕ್ಕೆ ಬಿಡೋದಿಲ್ಲ. ಪೊಲೀಸರು ಮನೆಯೊಳಗೆ ಬರುತ್ತಾರೆ. ಸಮಾಧಾನ ಹೇಳಲು ಬಂದವರು ಅಂತ ಹೆಸರು. ಕೇಳೋದು ಮಾತ್ರ ಮನೆಗೆ ಬಂದು ಹೋಗುವವರ ವಿಷಯ. ಕೊಲೆಯ ಕೆಲವೇ ದಿನಗಳಲ್ಲಿ ಕೊಂದವರ ಹೆಸರುಗಳು ಜನರ ಬಾಯಲ್ಲಿದ್ದವು, ಪೊಲೀಸರ ಕೈಗೂ ಬಂದಿದ್ದವು. ಬಂಧಿಸೋಕೆ ಎರಡು ವಾರ ಬೇಕಾಯಿತು. ಡೊರೀನ್ ಹೆಸರುಗಳನ್ನು ಬರೆದು ತಂದು ಕೊಟ್ಟ ಚೀಟಿಯನ್ನು ಮೇಲಧಿಕಾರಿಯೊಬ್ಬ ಅವರ ಕಣ್ಣೆದುರೇ ಮಡಚಿ ಮಡಚಿ ಚಿಕ್ಕದು ಮಾಡಿದ. ಇದನ್ನು ಆಕೆಯೇ ಮುಂದೆ ವಿಚಾರಣೆಯಲ್ಲಿ ಹೇಳಿದರು. ಜೊತೆಗಿದ್ದ ಗೆಳೆಯನನ್ನು, ಕಣ್ಣಾರೆ ಕಂಡ ಸಾಕ್ಷಿಯನ್ನು, ಅಪರಾಧಿಯನ್ನು ನೋಡುವಂತೆ ನೋಡಿದರು. ಅಪ್ಪ ಅಮ್ಮ ತಾವೇ ಹೂಡಿದ ಖಾಸಗಿ ಮೊಕದ್ದಮೆ 1996ರಲ್ಲಿ ಬಿದ್ದುಹೋಯಿತು. ಹೇಳಿ, ಈ ತಾಯಿಯ ದುಃಖಕ್ಕೆ ಚೂರಿ ಎಷ್ಟು ಕಾರಣ, ಕಚೇರಿ ಎಷ್ಟು ಕಾರಣ?

1999ರ ಫೆಬ್ರವರಿಯಲ್ಲಿ, ನಾಟಕ ಪ್ರಸಾರವಾದ ಕೆಲವೇ ದಿನಕ್ಕೆ, ಮ್ಯಾಕ್‌ಫರ್ಸನ್ ವಿಚಾರಣಾ ವರದಿ ಬಂತು. 70 ಶಿಫಾರಸುಗಳು. ಲಂಡನ್ನಿನ ಪೊಲೀಸ್ ಸಂಸ್ಥೆಯಲ್ಲೇ ಜನಾಂಗ ದ್ವೇಷ ಬೇರು ಬಿಟ್ಟಿದೆ ಅಂತ ನಿವೃತ್ತ ನ್ಯಾಯಾಧೀಶನೊಬ್ಬ ಬರೆದ. ಒಬ್ಬಿಬ್ಬರು ಕೆಟ್ಟ ಪೇದೆಗಳ ಮಾತಲ್ಲ, ಸಂಸ್ಥೆಯ ಮಾತು. ಅಷ್ಟನ್ನು ಬರೆಸಿದ್ದು ನೋಡುಗರ ಕಣ್ಣೀರಲ್ಲ. ಆರು ವರ್ಷ ಬಾಗಿಲು ಬಡಿದ ಅಪ್ಪ ಅಮ್ಮ, ಮತ್ತು ಅವರ ಬೆನ್ನಿಗೆ ನಿಂತ ಜನ. ಆ ಜನರ ಮೇಲೂ ಪೊಲೀಸರು ಗುಪ್ತಚರರನ್ನು ಬಿಟ್ಟಿದ್ದರು ಅನ್ನೋದು ಹೊರಬೀಳೋಕೆ ಮತ್ತೂ ಹದಿನಾಲ್ಕು ವರ್ಷ ಬೇಕಾಯಿತು.

ಈಗ 2021ರ ನಾಟಕಕ್ಕೆ ಬನ್ನಿ. ಇದರ ನಡುಮಧ್ಯೆ ನಿಂತವನು ಕ್ಲೈವ್ ಡ್ರಿಸ್ಕಾಲ್ ಎಂಬ ಪೊಲೀಸ್ ಅಧಿಕಾರಿ. ಪಾತ್ರಧಾರಿ ಸ್ಟೀವ್ ಕೂಗನ್. ಆ ಅಧಿಕಾರಿಯ ಪುಸ್ತಕವೂ ನಾಟಕಕ್ಕೆ ಆಧಾರ. ಡ್ರಿಸ್ಕಾಲ್ ಕೆಲಸ ಮಾಡಿದ್ದು ಸುಳ್ಳಲ್ಲ. 2012ರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ಆದರೆ ಒಬ್ಬನ ಜಾಕೆಟ್ಟಿನ ಕಾಲರಿನಲ್ಲಿ ಸಿಕ್ಕ ಸ್ಟೀಫನ್‌ನ ರಕ್ತದ ಚುಕ್ಕೆ ಎಲ್ಲಿತ್ತು ಗೊತ್ತಾ? 1993ರ ಮೇ ತಿಂಗಳಲ್ಲೇ ವಶಪಡಿಸಿಕೊಂಡ ಬಟ್ಟೆಯಲ್ಲಿತ್ತು. ಮೊದಲು ನೋಡಿದವರಿಗೆ ಅದು ಕಾಣಲಿಲ್ಲ. ಹಾಗಿರುವಾಗ ಒಬ್ಬ ಒಳ್ಳೆಯ ಅಧಿಕಾರಿ ತಡವಾಗಿ ಬಂದದ್ದನ್ನೇ ಕಥೆ ಮಾಡಿದರೆ, ನೋಡುವವನು ಹಗುರಾಗಿ ಮಲಗುತ್ತಾನೆ. ಸಂಸ್ಥೆ ಬಚಾವಾಗುತ್ತೆ. ತಂದೆತಾಯಿ ತಮ್ಮ ಕಥೆಯಲ್ಲೇ ನೆಂಟರಾಗಿಬಿಡುತ್ತಾರೆ.

ಇದು ನಮಗೆ ಹೊಸದೇನಲ್ಲ. 2019ರ ‘ಆರ್ಟಿಕಲ್ 15’ ಎಂಬ ಹಿಂದಿ ಸಿನಿಮಾ ನೋಡಿದ್ದೀರಲ್ಲ? ಮರಕ್ಕೆ ನೇತುಬಿದ್ದವರು ದಲಿತ ಹುಡುಗಿಯರು. ಕಥಾನಾಯಕ ಮಾತ್ರ ಬ್ರಾಹ್ಮಣ ಐಪಿಎಸ್ ಅಧಿಕಾರಿ. ಹೆಣ ನಮ್ಮದು, ಆತ್ಮಸಾಕ್ಷಿ ಅವರದು! ಮಕ್ಕಳನ್ನು ಕಳಕೊಂಡ ಅಪ್ಪಂದಿರು ಕೈಮುಗಿದು ಮೂಲೆಯಲ್ಲಿ ನಿಂತಿರುತ್ತಾರೆ. ಡೊರೀನ್ ಲಾರೆನ್ಸ್ ಹಾಗೆ ನಿಲ್ಲಲಿಲ್ಲ ಅನ್ನೋದನ್ನಾದರೂ ಬ್ರಿಟನ್ನಿನ ನಾಟಕಗಳು ಮುಚ್ಚಿಡಲಿಲ್ಲ.

ನಮ್ಮಲ್ಲಿ ಏನಾಯಿತು? 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಏಳು ಹೆಣ, ಕೊಂದವರು ಯಾರೂ ಇಲ್ಲ. ಸಾಕ್ಷಿಗಳು ಯಾರ ಹೊಲದಲ್ಲಿ ಕೂಲಿ ಮಾಡಬೇಕು, ಯಾರ ಅಂಗಡಿಯಲ್ಲಿ ಸಾಲ ತರಬೇಕು, ಸಂಜೆ ಯಾರ ಮನೆ ಮುಂದೆ ಹಾದು ಬರಬೇಕು ಅನ್ನೋದನ್ನು ಯಾವ ಧಾರಾವಾಹಿ ತೋರಿಸುತ್ತೆ? ಅತ್ತೆ ಸೊಸೆ ಜಗಳಕ್ಕೆ ಸಾವಿರ ಕಂತು ಸಿಗುತ್ತೆ ಸ್ವಾಮಿ.

ಮೇಷ್ಟ್ರುಗಳೇ, ಹಾಸ್ಟೆಲ್ಲಿನ ಗೆಳೆಯರೇ, ತೋರಿಸುವುದಾದರೆ 1999ರ ನಾಟಕವನ್ನೇ ತೋರಿಸಿ. ಅದರ ಜೊತೆಗೆ 1989ರ ದೌರ್ಜನ್ಯ ತಡೆ ಕಾಯಿದೆಯ ನಾಲ್ಕನೇ ಕಲಮನ್ನು ಗಟ್ಟಿಯಾಗಿ ಓದಿ. ಪರಿಶಿಷ್ಟರಲ್ಲದ ಸರ್ಕಾರಿ ನೌಕರ ಈ ಕಾಯಿದೆಯಡಿ ತನ್ನ ಕರ್ತವ್ಯವನ್ನು ಬೇಕೆಂದೇ ಕಡೆಗಣಿಸಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು ಅಂತ ಅಲ್ಲಿದೆ. ದೂರು ದಾಖಲಿಸಬೇಕು, ಬರೆದದ್ದನ್ನು ಓದಿ ಹೇಳಬೇಕು, ಪ್ರತಿ ಕೊಡಬೇಕು ಅಂತ 2015ರ ತಿದ್ದುಪಡಿ ಬಿಡಿಬಿಡಿಯಾಗಿ ಹೇಳಿದೆ. ಆಮೇಲೆ ನಿಮ್ಮ ಠಾಣೆಗೆ ಹೋಗಿ, ಆ ಕಲಂ ಹಾಕಿ ಎಷ್ಟು ಕೇಸು ಮಾಡಿದ್ದೀರಿ ಸ್ವಾಮಿ ಅಂತ ಕೇಳಿ. ಬಾಯಲ್ಲಿ ಕೇಳಬೇಡಿ, ಮಾಹಿತಿ ಹಕ್ಕಿನ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ.