ಲ್ಯಾಪ್‌ಟಾಪ್ ಕೊಟ್ಟರೆ ಸಾಲದು, ಬಿಚ್ಚಲೂ ಕಲಿಸಿ

ಸಂಡೂರಿನ ಕೆಂಪು ದೂಳು ಗಣಿ ರಸ್ತೆಯಲ್ಲೇ ಉಳಿಯುವುದಿಲ್ಲ. ಅದಿರು ಲಾರಿಗಳ ಹಾದಿಗೆ ಅಂಟಿಕೊಂಡ ಮನೆಗಳಲ್ಲಿ ಅದು ಕಿಟಕಿ ದಾಟಿ ಬಂದು ವಿದ್ಯಾರ್ಥಿಯ ಲ್ಯಾಪ್‌ಟಾಪ್‌ನ ಫ್ಯಾನಿನೊಳಗೂ ಕೂರುತ್ತದೆ. ಗಾಳಿ ಹೋಗುವ ದಾರಿ ಕಟ್ಟಿಕೊಂಡರೆ ಪ್ರೊಸೆಸರ್ ಮೊದಲು ವೇಗ ಇಳಿಸುತ್ತದೆ, ಬಿಸಿ ಮಿತಿಮೀರಿದರೆ ಯಂತ್ರ ತಾನಾಗಿ ಆಫ್ ಆಗುತ್ತದೆ. ‘ಬೋರ್ಡ್ ಹೋಗಿದೆ’ ಎಂದು ಮನೆಯವರು ಅದನ್ನು ಅಟ್ಟಕ್ಕೇರಿಸುತ್ತಾರೆ. ಅಲ್ಲಿ ಬೇಕಿದ್ದದ್ದು ಒಂದು ಸ್ಕ್ರೂಡ್ರೈವರ್, ಒಂದು ಮೆತ್ತನೆಯ ಬ್ರಷ್, ಪ್ರೊಸೆಸರ್ ಮೇಲೆ ಚಿಟಿಕೆಯಷ್ಟು ಹೊಸ ಥರ್ಮಲ್ ಪೇಸ್ಟ್.

ಇಂಥ ಸಣ್ಣ ಕಾಯಿಲೆಗಳು ಬೇಕಾದಷ್ಟಿವೆ. ಹಲವು ಹಳೆಯ ಲ್ಯಾಪ್‌ಟಾಪ್‌ಗಳ ಬೋರ್ಡಿನ ಮೇಲೆ ಗಡಿಯಾರ ನಡೆಸುವ ಪುಟ್ಟ ಬಟನ್ ಸೆಲ್ ಇರುತ್ತದೆ. ಅದು ಮುಗಿದರೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿ, ಸುರಕ್ಷತಾ ಪ್ರಮಾಣಪತ್ರ ಹೊಂದುತ್ತಿಲ್ಲವೆಂದು ಬ್ರೌಸರ್ ಹೆಚ್ಚಿನ ಪುಟಗಳನ್ನು ತೆರೆಯುವುದಿಲ್ಲ. ‘ನೆಟ್ ಬರ್ತಿಲ್ಲ’ ಎಂದು ವಿದ್ಯಾರ್ಥಿ ಸಿಮ್ ಬದಲಿಸುತ್ತಾನೆ. ತಪ್ಪಿರುವುದು ಕೆಲವೇ ರೂಪಾಯಿಯ ಸೆಲ್‌ನಲ್ಲಿ. ಪರದೆ ಕಪ್ಪಾಗಿದೆಯೇ? ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿ, ರ್‍ಯಾಮ್ ಹೊರತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ ಮತ್ತೆ ಕೂರಿಸುವುದು ರಿಪೇರಿ ಅಂಗಡಿಗಳ ಹಳೆಯ ವಿದ್ಯೆ. ಎಷ್ಟೋ ಸಲ ಅಷ್ಟಕ್ಕೇ ಜೀವ ಬರುತ್ತದೆ. ಉಬ್ಬಿದ ಬ್ಯಾಟರಿಯನ್ನು ಮಾತ್ರ ಒತ್ತಬಾರದು, ಚುಚ್ಚಬಾರದು. ಇದನ್ನೂ ಕಲಿಸಲೇಬೇಕು.

ರಾಜ್ಯ ಸರ್ಕಾರ 2019–20ರ ಸಾಲಿನಲ್ಲಿ ಸರ್ಕಾರಿ ಪದವಿ ಕಾಲೇಜುಗಳ ಮೊದಲ ವರ್ಷದವರಿಗೆ ಲ್ಯಾಪ್‌ಟಾಪ್ ಕೊಟ್ಟಿತು. 2021ರಲ್ಲಿ ಸುಮಾರು ಒಂದೂವರೆ ಲಕ್ಷ ಟ್ಯಾಬ್ಲೆಟ್ ಹಂಚಿತು. ಒಳ್ಳೆಯ ಕೆಲಸ. ಆದರೆ ಹಂಚುವ ದಿನ ಇರುವ ವೇದಿಕೆ, ಯಂತ್ರ ಕೆಟ್ಟ ದಿನ ಇರುವುದಿಲ್ಲ. ಕಂಪ್ಲಿಯ ಹಳ್ಳಿಯ ಹುಡುಗಿ ಒಂದು ಕೀಬೋರ್ಡಿಗಾಗಿ ಹೊಸಪೇಟೆಗೆ ಬಸ್ ಹತ್ತಬೇಕು.

ಅಗ್ಗದ ಯಂತ್ರವನ್ನೂ ರಿಪೇರಿಗೆಂದೇ ರೂಪಿಸಲು ಸಾಧ್ಯ. ನಿಕೋಲಸ್ ನೆಗ್ರೊಪಾಂಟೆ ಅವರ ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆಯ ಎಕ್ಸ್‌ಒ ಲ್ಯಾಪ್‌ಟಾಪ್ 2007ರಲ್ಲಿ ತಯಾರಿಕೆಗೆ ಬಂದಾಗ ಅದರಲ್ಲಿ ಫ್ಯಾನ್ ಇರಲಿಲ್ಲ, ತಿರುಗುವ ಹಾರ್ಡ್‌ಡಿಸ್ಕ್ ಇರಲಿಲ್ಲ. ಕೀಬೋರ್ಡ್ ಮೇಲೆ ದೂಳು ನುಗ್ಗದಂತೆ ರಬ್ಬರ್ ಹೊದಿಕೆ. ಹಿಡಿಕೆಯೊಳಗೆ ಬಿಡಿ ಸ್ಕ್ರೂಗಳನ್ನು ಇಟ್ಟೇ ಕಳಿಸುತ್ತಿದ್ದರು! 2006ರಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಯೋಜನೆಯನ್ನು ಒಪ್ಪಲಿಲ್ಲ. ಆದರೂ ಮಹಾರಾಷ್ಟ್ರದ ಖೈರಾಟ್ ಎಂಬ ಹಳ್ಳಿಯ ಶಾಲೆಯಲ್ಲಿ ಪ್ರಯೋಗ ನಡೆಯಿತು. ಆ ಯೋಜನೆಯ ಸೋಲುಗಳ ಚರ್ಚೆ ಬೇರೆ. ಬಿಡಿ ಸ್ಕ್ರೂ ಇಟ್ಟ ಆ ಕಾಳಜಿ ನಮ್ಮ ಟೆಂಡರುಗಳಲ್ಲಿ ಕಾಣಬೇಕು. ಇಂದು ಅಗ್ಗದ ಹಲವು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್, ಸ್ಟೋರೇಜ್ ಎರಡನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. ಒಂದು ಚಿಪ್ ಕೆಟ್ಟರೆ ಇಡೀ ಬೋರ್ಡ್ ಗುಜರಿ. ಸರ್ಕಾರಿ ದುಡ್ಡಿನಲ್ಲಿ ಅಂಥವನ್ನು ಕೊಳ್ಳಲೇಬಾರದು.

ರಿಪೇರಿ ಈ ನೆಲಕ್ಕೆ ಹೊಸದೇನಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ಉಕ್ಕಿನ ಭಾಗಗಳು ಸಿದ್ಧವಾದದ್ದು ಹೊಸಪೇಟೆ, ತೋರಣಗಲ್ಲು ಸುತ್ತಿನ ಕಾರ್ಖಾನೆಗಳಲ್ಲೇ. ಇಂಥ ಕೈಗಳಿರುವ ಸೀಮೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಲು ಹೆದರುವ ಪರಿಸ್ಥಿತಿ ಯಾಕಿರಬೇಕು?

ದುಡ್ಡಿಲ್ಲ ಎನ್ನುವಂತಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಶಿಕ್ಷಣ, ಕೌಶಲಾಭಿವೃದ್ಧಿ ಎರಡೂ ಆದ್ಯತೆಯ ಬಾಬ್ತುಗಳೇ. ಬಳ್ಳಾರಿ ಮತ್ತು ವಿಜಯನಗರ ಜಿಲ್ಲಾಡಳಿತಗಳು ಅದರಿಂದ ಸಂಡೂರು, ಕಂಪ್ಲಿ, ಹೊಸಪೇಟೆಯ ಸರ್ಕಾರಿ ಕಾಲೇಜುಗಳಲ್ಲಿ ತಲಾ ಒಂದು ರಿಪೇರಿ ಮೇಜು, ಮಲ್ಟಿಮೀಟರ್, ಬಿಡಿಭಾಗಗಳ ಪೆಟ್ಟಿಗೆ ಇಟ್ಟು, ಕಲಿಸಲು ಒಬ್ಬ ಅನುಭವಿ ಮೆಕ್ಯಾನಿಕ್‌ಗೆ ಸಂಬಳ ಕೊಡಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗ ಚಿತ್ರಸಹಿತ ಕನ್ನಡ ಕೈಪಿಡಿಯೊಂದನ್ನು ಹೊರತರಲಿ. ಮುಂದಿನ ಟೆಂಡರ್ ಕರೆಯುವ ಮುನ್ನವೇ ಈ ಕೆಲಸ ಶುರುವಾಗಬೇಕು.