ತಾತನ ರಿವಾಲ್ವರನ್ನು ಉಜ್ಜಬೇಡಿ

ಆಯುಧಪೂಜೆ ಹತ್ತಿರ ಬಂದ್ರೆ ನಮ್ಮ ಮನೆಗಳಲ್ಲಿ ಎಲ್ಲವನ್ನೂ ಉಜ್ಜುವ ಹುಚ್ಚು ಶುರುವಾಗುತ್ತೆ. ಸ್ಕೂಟರ್, ಸ್ಪ್ಯಾನರ್, ಈಳಿಗೆಮಣೆ, ಯಾವುದನ್ನೂ ಬಿಡಲ್ಲ. ಬೆನ್ಸನ್ ಟೌನಿನಲ್ಲಿರುವ ನಮ್ಮ ಗೆಳೆಯನ ಮನೆಯಲ್ಲಿ ಈ ಸಾಲಿಗೆ ಇನ್ನೊಂದು ಸೇರುತ್ತೆ: ತಾತನ ಹಳೇ ನಿಕ್ಕಲ್ ಲೇಪನದ ರಿವಾಲ್ವರ್. ತಾತ ಕೊಡಗಿನವರು, ಕೈಲ್‌ಪೊಳ್ದಿಗೆ ಕೋವಿಗೆ ತೋಕ್ ಪೂ ಸಿಕ್ಕಿಸಿ ಬೆಳೆದವರು. ಲೈಸೆನ್ಸ್ ಅವರದ್ದು, ಗುಂಡು ಖಾಲಿ ಮಾಡಿ ಹಿಡಿಯೋ ಕೈಯೂ ಅವರದ್ದೇ. 21 ತುಂಬದ ನಮ್ಮದು ಬರೀ ಬಾಯಿ.

ಈ ಸಲ ಅಜ್ಜಿ ಹುಣಸೆಹಣ್ಣು, ಹಿತ್ತಾಳೆ ತೊಳೆಯೋ ಪುಡಿ ತಂದಿಟ್ಟರು. ಸಿಲಿಂಡರಿನ ಮುಂಭಾಗದಲ್ಲಿ ಒಂದೊಂದು ತೂತಿನ ಸುತ್ತಲೂ ಕಪ್ಪು ಉಂಗುರ. ಅದು ಹೋಗಲೇಬೇಕಂತೆ. ನಾವು ಬೇಡ ಅಂದೆವು. ಈಗಲೂ ಬೇಡ ಅಂತಾನೇ ಹೇಳ್ತೀವಿ.

ಆ ಕಪ್ಪು ಸೀಸ ಮತ್ತು ಮಸಿ. ಗುಂಡು ಸಿಲಿಂಡರಿನಿಂದ ನಳಿಗೆಗೆ ದಾಟುವಾಗ ನಡುವಿನ ಸಣ್ಣ ಸಂದಿಯಲ್ಲಿ ಬಿಸಿ ಅನಿಲ ಚಿಮ್ಮಿ, ಸೀಸ ಅಲ್ಲೇ ಹತ್ತಿಕೊಳ್ಳುತ್ತೆ. ಮೋಸ್ ಅಳತೆಯಲ್ಲಿ ಸೀಸದ ಗಡಸುತನ 1.5, ತಾಮ್ರದ್ದು 3, ನಿಕ್ಕಲ್‌ದು ಸುಮಾರು 4. ಹಾಗಾಗಿ ತಾಮ್ರದ ನಾರು ಸೀಸವನ್ನು ಕೆರೆಯುತ್ತೆ, ಹಗುರವಾಗಿ ಉಜ್ಜಿದರೆ ನಿಕ್ಕಲ್ ತಂಟೆಗೆ ಹೋಗಲ್ಲ. ಪಾಲಿಶ್ ಪುಡಿಯ ಮರಳಿನಂಥ ಕಣಗಳು ಎರಡನ್ನೂ ತಿನ್ನುತ್ತವೆ. ಅಮೋನಿಯಾ ಇರುವ ದ್ರಾವಕ ಇನ್ನೂ ಕೆಟ್ಟದ್ದು. ಹಲವು ಲೇಪನಗಳಲ್ಲಿ ನಿಕ್ಕಲ್ ಕೆಳಗೆ ತಾಮ್ರದ ಪದರ ಇರುತ್ತೆ. ಒಂದು ಗೀರಿನಿಂದ ಒಳಗಿಳಿದು ಅದನ್ನು ಕರಗಿಸಿದರೆ ನಿಕ್ಕಲ್ ಈರುಳ್ಳಿ ಸಿಪ್ಪೆ ಥರ ಎದ್ದು ಬರುತ್ತೆ.

ತಾಮ್ರದ ಸ್ಕ್ರಬ್ಬರಿಗೆ ಶಿವಾಜಿನಗರಕ್ಕೆ ಹೋದೆವು. "ಪ್ಯೂರ್ ಕಾಪರ್ ಬಾಸ್" ಅಂತ ಕೊಟ್ಟರು. ಮನೆಗೆ ಬಂದು ಫ್ರಿಜ್ ಮ್ಯಾಗ್ನೆಟ್ ಹಿಡಿದ್ರೆ ಟಕ್ ಅಂತ ಅಂಟಿಕೊಳ್ತು! ಒಳಗೆ ಉಕ್ಕು, ಮೇಲಷ್ಟೇ ತಾಮ್ರ. ಮೂರನೇ ಅಂಗಡಿಯಲ್ಲಿ ಅಂಟದ್ದು ಸಿಕ್ತು. ಮ್ಯಾಗ್ನೆಟ್ ಜೇಬಲ್ಲಿಟ್ಟುಕೊಂಡೇ ಹೋಗಿ.

ತಾತ ಗನ್ ಆಯಿಲ್ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಹಗುರವಾಗಿ ಉಜ್ಜಿ, ಹತ್ತಿ ಬಟ್ಟೆಯಲ್ಲಿ ಒರೆಸಿದರು. ಉಬ್ಬಿದ್ದ ಸೀಸ ಹೋಯ್ತು, ನೆರಳು ಉಳೀತು. ಉಳಿಯಲಿ ಬಿಡಿ. ಮತ್ತೆ ಹಾರಿಸಿದರೆ ಕಪ್ಪು ವಾಪಸ್ ಬರುತ್ತೆ, ಹೋದ ನಿಕ್ಕಲ್ ಬರಲ್ಲ.

ನಮಗೆ ನಿಜವಾಗಿ ಭಯ ಆಗಿದ್ದು ಬೇರೆ ವಿಷಯಕ್ಕೆ. ಆ ಮನೆಯಲ್ಲಿ ಅಂಬೆಗಾಲಿಡುವ ಪಾಪು ಇದೆ. 2000ದಲ್ಲೇ ದೇಶ ಪೆಟ್ರೋಲಿನಿಂದ ಸೀಸ ತೆಗೀತು. ನಾವು ಪೂಜೆ ನೆಪದಲ್ಲಿ ಅದನ್ನೇ ಹಾಲ್‌ನಲ್ಲಿ ಪುಡಿ ಮಾಡಿ ಹರಡೋದಾ? ಬಾಲ್ಕನಿಯಲ್ಲಿ ಪೇಪರ್ ಹಾಸಿ, ಗ್ಲೌಸ್ ಹಾಕಿ, ಎಣ್ಣೆ ಪಸೆ ಇರುವಾಗಲೇ ಒರೆಸಬೇಕು. ಬಟ್ಟೆಯನ್ನು ಕವರಿನಲ್ಲಿ ಕಟ್ಟಿಡಬೇಕು, ಕೈಯನ್ನು ಅಡುಗೆಮನೆ ಸಿಂಕಿನಲ್ಲಿ ತೊಳೀಬಾರದು.

ಅಜ್ಜಿಗೆ ಸಮಾಧಾನ ಆಗಿಲ್ಲ. ಪೂಜೆ ದಿನ ಕುಂಕುಮವನ್ನು ಪೆಟ್ಟಿಗೆಗೆ ಹಚ್ಚಿ, ಆ ಕಪ್ಪು ಕಾಣದ ಹಾಗೆ ಸಿಲಿಂಡರ್ ಮುಂದೆ ಒಂದು ಸೇವಂತಿಗೆ ಇಟ್ಟರು.