ಸಾಹಸ ಪ್ರವಾಸೋದ್ಯಮ: ಮಾರಾಟವಾಗುವ ಸರಕು ನಂಬಿಕೆ

ವಿದೇಶ ಪ್ರವಾಸವೆಂದರೆ ಮೂವತ್ತು ನಲವತ್ತು ಜನರ ತಂಡ, ಮುಂಗಡವಾಗಿ ಗೊತ್ತುಪಡಿಸಿದ ಹೋಟೆಲು, ಹವಾನಿಯಂತ್ರಿತ ಬಸ್ಸು, ಹೊತ್ತಿಗೆ ಸರಿಯಾಗಿ ಒದಗುವ ಅನ್ನ ಸಾರು ಎಂಬ ಕಲ್ಪನೆ ವರ್ತಕ ಸಮುದಾಯದಲ್ಲಿ ಬಹುಕಾಲದಿಂದ ಬೇರೂರಿದೆ. ಇದಕ್ಕೆ ತೀರ ಭಿನ್ನನಾದ ಮತ್ತೊಬ್ಬ ಪ್ರವಾಸಿಯೂ ಇದ್ದಾನೆ. ಆತ ಒಬ್ಬನೇ ಹೊರಡುತ್ತಾನೆ. ಪರದೇಶದಲ್ಲಿ ಮೋಟಾರ್ ಸೈಕಲ್ ಬಾಡಿಗೆಗೆ ಪಡೆಯುತ್ತಾನೆ. ದಾರಿಯುದ್ದಕ್ಕೂ ಸೇತುವೆಯಿಂದ ಧುಮುಕುವುದು, ಕಂದರದ ನದಿಯಲ್ಲಿ ದೋಣಿಯೇರುವುದು, ಬೆಟ್ಟ ಹತ್ತುವುದು ಮುಂತಾದ ಸಾಹಸಗಳಿಗೆ ಹಣ ತೆರುತ್ತಾನೆ. ಇಂಥವನನ್ನು ಹುಚ್ಚು ಹವ್ಯಾಸಿ ಎಂದು ಬದಿಗೆ ಸರಿಸುವುದು ಸುಲಭ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಆತ ಗಮನಾರ್ಹ ಗ್ರಾಹಕ. ಆತ ಕೊಳ್ಳುವ ಸರಕು ಯಾವುದು, ಅದನ್ನು ತಯಾರಿಸುವ ಬಗೆ ಎಂಥದು ಎಂಬ ಪ್ರಶ್ನೆಗಳಿಗೆ ನ್ಯೂಜಿಲೆಂಡ್ ದೇಶದ ಅನುಭವದಲ್ಲಿ ಸ್ಪಷ್ಟವಾದ ಉತ್ತರ ದೊರೆಯುತ್ತದೆ.

ಒಬ್ಬ ಸವಾರ, ಹತ್ತಾರು ಅಂಗಡಿ

ಸುಮಾರು 50 ಲಕ್ಷ ಜನಸಂಖ್ಯೆಯ ಆ ದೇಶಕ್ಕೆ 2019ರಲ್ಲಿ ಸುಮಾರು 39 ಲಕ್ಷ ವಿದೇಶಿ ಪ್ರವಾಸಿಗರು ಬಂದಿದ್ದರು. ಮೋಟಾರ್ ಸೈಕಲ್ ಸವಾರರಿಗೆ ಅಲ್ಲಿನ ದಕ್ಷಿಣ ದ್ವೀಪ ಅಚ್ಚುಮೆಚ್ಚು. ಕ್ರೈಸ್ಟ್‌ಚರ್ಚ್ ನಗರದಿಂದ ಹೊರಟು, ಟೆಕಾಪೊ ಸರೋವರವನ್ನು ಹಾದು, ಲಿಂಡಿಸ್ ಕಣಿವೆ ದಾರಿಯನ್ನೇರಿ ಇಳಿದು ಕ್ವೀನ್ಸ್‌ಟೌನ್ ಸೇರುವುದು. ಅಲ್ಲಿಂದ ತೇ ಅನೌ ಮಾರ್ಗವಾಗಿ ಮಿಲ್ಫರ್ಡ್ ಸೌಂಡ್ ಎಂಬ ಕಡಲ ಕಂದರವನ್ನು ಕಂಡು, ದಕ್ಷಿಣ ತುದಿಯ ಇನ್ವರ್‌ಕಾರ್ಗಿಲ್ ಪಟ್ಟಣಕ್ಕೆ ಹೋಗುವುದು ಒಂದು ಜನಪ್ರಿಯ ಸುತ್ತು. ಭಾರತದಂತೆಯೇ ಅಲ್ಲಿಯೂ ವಾಹನಗಳು ರಸ್ತೆಯ ಎಡಭಾಗದಲ್ಲಿ ಸಂಚರಿಸುವುದು ಭಾರತೀಯ ಸವಾರನಿಗೆ ದೊಡ್ಡ ಅನುಕೂಲ. ಆದರೆ ಒಂದೇ ವಾಹನಕ್ಕೆ ಎಡೆಯಿರುವ ಕಿರು ಸೇತುವೆಗಳು, ಜಲ್ಲಿಯ ಕವಲು ದಾರಿಗಳು, ಒಂದೇ ದಿನದಲ್ಲಿ ಬಿಸಿಲು ಮಳೆ ಚಳಿ ಮೂರನ್ನೂ ತೋರಿಸುವ ಹವಾಮಾನ ಇವು ಆತನಿಗೆ ಹೊಸವು. ಚಳಿಗಾಲದಲ್ಲಿ ಮಿಲ್ಫರ್ಡ್ ರಸ್ತೆಯ ಮೇಲೆ ಹಿಮಪಾತದ ಭಯವೂ ಉಂಟು. 1954ರಲ್ಲಿ ತೆರೆದ ಸುಮಾರು 1.2 ಕಿ.ಮೀ. ಉದ್ದದ ಹೋಮರ್ ಸುರಂಗವೇ ಮಿಲ್ಫರ್ಡ್‌ಗೆ ಹೋಗುವ ಏಕೈಕ ರಸ್ತೆಯ ಬಾಗಿಲು.

ಈ ಸುತ್ತಿನಲ್ಲಿ ಒಂಟಿ ಸವಾರ ಯಾರ ಯಾರ ಗಲ್ಲಾಪೆಟ್ಟಿಗೆಗೆ ಹಣ ಹಾಕುತ್ತಾನೆ ಎಂಬುದನ್ನು ಗಮನಿಸಬೇಕು. ಮೊದಲು ವಾಹನ ಬಾಡಿಗೆಗೆ ಕೊಡುವವನಿಗೆ ಬಾಡಿಗೆಯಲ್ಲದೆ ಭದ್ರತಾ ಠೇವಣಿ, ನಂತರ ಹೆಲ್ಮೆಟ್, ಜಾಕೆಟ್, ಕೈಗವಸು, ಪೆಟ್ರೋಲು, ರಸ್ತೆಬದಿಯ ಉಪಾಹಾರ, ಮನೆಯವರೇ ನಡೆಸುವ ಸಣ್ಣ ವಸತಿಗೃಹ, ಟೈರು, ಚೈನು ನೋಡಿಕೊಡುವ ಗ್ಯಾರೇಜು. ನಿರ್ಜನ ಪ್ರದೇಶದಲ್ಲಿ ಬಿದ್ದರೆ ಉಪಗ್ರಹದ ಮೂಲಕ ರಕ್ಷಣಾ ಕೇಂದ್ರಕ್ಕೆ ಸಂಕೇತ ಕಳುಹಿಸುವ ಕೈಸಾಧನವೂ ಅಲ್ಲಿ ದಿನಬಾಡಿಗೆಗೆ ಸಿಗುತ್ತದೆ. ತಂಡದ ಪ್ರವಾಸಿಗರ ಹಣದ ಬಹುಪಾಲು ಕೆಲವೇ ದೊಡ್ಡ ಸಂಸ್ಥೆಗಳಲ್ಲಿ ನಿಂತರೆ, ಒಂಟಿ ಸವಾರನ ಹಣ ಊರೂರಿನ ಸಣ್ಣ ವ್ಯಾಪಾರಿಗಳಲ್ಲಿ ಹಂಚಿಹೋಗುತ್ತದೆ. ಜೊತೆಗಾರರಿಲ್ಲದ ಕಾರಣ ಆತನ ಪ್ರತಿಯೊಂದು ಅಗತ್ಯವೂ ಯಾರಾದರೊಬ್ಬ ವ್ಯಾಪಾರಿಯಿಂದಲೇ ಈಡೇರಬೇಕು.

ಅದೇ ಕಾರಣದಿಂದ ಆತ ಅತ್ಯಂತ ಎಚ್ಚರದ ಗ್ರಾಹಕನೂ ಹೌದು. ಬ್ರೇಕು ಸರಿಯಿದೆಯೇ, ಹಗ್ಗ ಗಟ್ಟಿಯಿದೆಯೇ, ಮಾರ್ಗದರ್ಶಕ ಬಲ್ಲವನೇ ಎಂದು ಪರೀಕ್ಷಿಸಲು ಆತನಿಗೆ ಪರಿಣತಿಯೂ ಇಲ್ಲ, ಕೇಳಿ ತಿಳಿಯಲು ಪಕ್ಕದಲ್ಲಿ ಸಂಗಾತಿಯೂ ಇಲ್ಲ. ಅಕ್ಕಿ ಕೊಳ್ಳುವವನು ಹಿಡಿ ತುಂಬ ತೆಗೆದು ನೋಡಬಹುದು, ಬಟ್ಟೆ ಕೊಳ್ಳುವವನು ನೇಯ್ಗೆ ಮುಟ್ಟಿ ನೋಡಬಹುದು. ಸೇತುವೆಯಿಂದ ಧುಮುಕುವವನಿಗೆ ಮಾದರಿ ನೋಡುವ ಅವಕಾಶವಿಲ್ಲ. ಆದುದರಿಂದ ಈ ವ್ಯಾಪಾರದಲ್ಲಿ ಕೈ ಬದಲಾಗುವ ಸರಕು ರೋಮಾಂಚನವೆಂಬುದು ಮೇಲ್ನೋಟದ ಮಾತು. ನಿಜವಾದ ಸರಕು ನಂಬಿಕೆ.

ಕಾರ್ಯಾಗಾರದಲ್ಲಿ ಹುಟ್ಟಿದ ಉದ್ಯಮ

ಈ ನಂಬಿಕೆ ಜಾಹೀರಾತಿನಿಂದ ಹುಟ್ಟಿದ್ದಲ್ಲ, ಸಣ್ಣ ಕಾರ್ಯಾಗಾರಗಳಲ್ಲಿ ರೂಪುಗೊಂಡದ್ದು ಎಂಬುದು ಸಣ್ಣ ಕೈಗಾರಿಕೋದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ. ದಕ್ಷಿಣ ದ್ವೀಪದ ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಕುರಿ ಸಾಕುತ್ತಿದ್ದ ಬಿಲ್ ಹ್ಯಾಮಿಲ್ಟನ್ (1899–1978) ತಮ್ಮ ಸೀಮೆಯ ಆಳವಿಲ್ಲದ, ಕಲ್ಲು ತುಂಬಿದ ನದಿಗಳಲ್ಲಿ ಪ್ರವಾಹಕ್ಕೆದುರಾಗಿ ದೋಣಿ ನಡೆಸಬೇಕೆಂದು ಬಯಸಿದರು. ಸಾಮಾನ್ಯ ಮೋಟಾರು ದೋಣಿಯ ತಿರುಗುರೆಕ್ಕೆ ಅಡಿಯಲ್ಲಿ ಚಾಚಿಕೊಂಡಿರುವುದರಿಂದ ಕಲ್ಲಿಗೆ ಬಡಿದು ಮುರಿಯುತ್ತಿತ್ತು. ದೋಣಿಯ ತಳದಿಂದ ನೀರನ್ನು ಪಂಪಿನ ಮೂಲಕ ಒಳಗೆಳೆದು ಹಿಂಭಾಗದಿಂದ ರಭಸವಾಗಿ ಹೊರಚಿಮ್ಮಿಸುವ ಯಂತ್ರವನ್ನು ಅವರು 1950ರ ದಶಕದಲ್ಲಿ ಸಿದ್ಧಪಡಿಸಿದರು. 1960ರಲ್ಲಿ ಅವರ ದೋಣಿಗಳು ಅಮೆರಿಕದ ಕೊಲೊರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಮೂಲಕ ಪ್ರವಾಹಕ್ಕೆದುರಾಗಿ ಸಾಗಿದವು. ಕ್ವೀನ್ಸ್‌ಟೌನ್ ಬಳಿಯ ಶಾಟೋವರ್ ಕಂದರದಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಜೆಟ್ ದೋಣಿಗಳ ಮೂಲ ಇದೇ. ಅವರು ಸ್ಥಾಪಿಸಿದ ಕ್ರೈಸ್ಟ್‌ಚರ್ಚ್‌ನ ಉದ್ದಿಮೆ ಇಂದಿಗೂ ಈ ಜಲಯಂತ್ರಗಳನ್ನು ತಯಾರಿಸಿ ದೇಶ ವಿದೇಶಗಳಿಗೆ ಮಾರುತ್ತಿದೆ. ಪ್ರವಾಸಿಯ ಮೋಜು ಒಂದೆಡೆ, ರಫ್ತಿನ ಸರಕು ಮತ್ತೊಂದೆಡೆ. ಎರಡಕ್ಕೂ ಬೇರು ಒಂದೇ.

ಬಂಜಿ ಜಿಗಿತದ ಕಥೆಯೂ ಇದೇ ಬಗೆಯದು. ಎ.ಜೆ. ಹ್ಯಾಕೆಟ್ ಮತ್ತು ಹೆನ್ರಿ ವಾನ್ ಆಶ್ 1988ರ ನವೆಂಬರ್ 12ರಂದು, 1880ರಲ್ಲಿ ಕಟ್ಟಿದ ಕವರಾವ್ ತೂಗುಸೇತುವೆಯ ಮೇಲೆ 43 ಮೀಟರ್ ಎತ್ತರದಿಂದ ಧುಮುಕುವ ವ್ಯವಸ್ಥೆಯನ್ನು ವಾಣಿಜ್ಯ ಸೇವೆಯಾಗಿ ಆರಂಭಿಸಿದರು. ಮೊದಲ ದಿನ 28 ಜನ ತಲಾ 75 ಡಾಲರ್ ತೆತ್ತು ಧುಮುಕಿದರು. ಇಲ್ಲಿ ಮೆಚ್ಚಬೇಕಾದದ್ದು ಧೈರ್ಯಕ್ಕಿಂತ ಲೆಕ್ಕ. ಧುಮುಕುವವನನ್ನು ತೂಗಿ, ತೂಕವನ್ನು ಆತನ ಕೈಯ ಮೇಲೆಯೇ ಬರೆಯುತ್ತಾರೆ. ಆ ತೂಕಕ್ಕೆ ತಕ್ಕ ರಬ್ಬರ್ ಹಗ್ಗವನ್ನು ಆರಿಸುತ್ತಾರೆ. ಹಗ್ಗ ಎಷ್ಟು ಜಿಗಿತಗಳಿಗೆ ಬಳಕೆಯಾಯಿತೆಂಬುದನ್ನು ದಾಖಲಿಸಿ, ಮಿತಿ ಮುಟ್ಟಿದೊಡನೆ ಬಳಕೆಯಿಂದ ತೆಗೆಯುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿ ಮತ್ತು ದಾಸ್ತಾನು ಪುಸ್ತಕದ ಶಿಸ್ತೇ ಇಲ್ಲಿ ಜೀವ ಕಾಯುತ್ತದೆ.

ಇನ್ವರ್‌ಕಾರ್ಗಿಲ್‌ನ ಬರ್ಟ್ ಮನ್ರೊ (1899–1978) ಎಂಬ ಸವಾರನದು ಇನ್ನೂ ಸೋಜಿಗದ ವೃತ್ತಾಂತ. 1920ರಲ್ಲಿ ಕೊಂಡ ‘ಇಂಡಿಯನ್ ಸ್ಕೌಟ್’ ಎಂಬ ಅಮೆರಿಕದ ಮೋಟಾರ್ ಸೈಕಲ್ಲನ್ನು ಅವರು ದಶಕಗಳ ಕಾಲ ತಮ್ಮ ಕೊಟ್ಟಿಗೆಯಲ್ಲಿಯೇ ತಿದ್ದಿದರು, ಪಿಸ್ಟನ್‌ಗಳನ್ನೂ ತಾವೇ ಎರಕ ಹೊಯ್ದರು. 1967ರಲ್ಲಿ ತಮ್ಮ 68ನೆಯ ವಯಸ್ಸಿನಲ್ಲಿ ಅಮೆರಿಕದ ಬಾನೆವಿಲ್ ಉಪ್ಪುಬಯಲಿನಲ್ಲಿ ಅವರು ಸ್ಥಾಪಿಸಿದ ದಾಖಲೆಯ ವೇಗ, 2014ರಲ್ಲಿ ಲೆಕ್ಕ ತಿದ್ದಿದ ಬಳಿಕ, ಗಂಟೆಗೆ 184.087 ಮೈಲಿ, ಅಂದರೆ ಸುಮಾರು 296 ಕಿ.ಮೀ. ಆ ಊರಿನ ಹೇಯ್ಸ್ ಎಂಬ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಸುತ್ತಿಗೆ, ನಲ್ಲಿಗಳ ನಡುವೆ ಮನ್ರೊ ಅವರ ಮೋಟಾರ್ ಸೈಕಲ್ಲನ್ನೂ ಇತರ ಹಳೆಯ ವಾಹನಗಳನ್ನೂ ಪ್ರದರ್ಶನಕ್ಕಿಟ್ಟಿದ್ದಾರೆ. ಪ್ರವೇಶಧನವಿಲ್ಲ. ಊರಿನ ಅಭಿಮಾನವನ್ನು ಅಂಗಡಿಯ ಆಕರ್ಷಣೆಯಾಗಿ ಮಾಡಿಕೊಂಡ ಈ ಜಾಣ್ಮೆ ಯಾವ ವರ್ತಕನಿಗೂ ಮಾದರಿ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರ್ ಸೈಕಲ್‌ಗಳನ್ನು ತಯಾರಿಸಿದ ಮೈಸೂರಿನಲ್ಲಿ ಇಂಥ ಅಭಿಮಾನಕ್ಕೆ ಕೊರತೆಯಿಲ್ಲ.

ಕಾನೂನಿನ ಪಾಠ

ನಂಬಿಕೆಯನ್ನು ಸಂಪಾದಿಸುವುದು ಉದ್ಯಮಿಯ ಕೆಲಸವಾದರೂ ಅದನ್ನು ಉಳಿಸಲು ಕಾನೂನಿನ ಆಸರೆ ಬೇಕು. ನ್ಯೂಜಿಲೆಂಡಿನಲ್ಲಿ 1974ರಿಂದ ಅಪಘಾತ ಪರಿಹಾರದ ಸರ್ಕಾರಿ ಯೋಜನೆ ಜಾರಿಯಲ್ಲಿದೆ. ತಪ್ಪು ಯಾರದೆಂದು ವಿಚಾರಿಸದೆ ಗಾಯಾಳುವಿನ ಚಿಕಿತ್ಸೆಗೆ ಇದು ನೆರವಾಗುತ್ತದೆ. ವಿದೇಶಿ ಪ್ರವಾಸಿಗೂ ಅನ್ವಯಿಸುತ್ತದೆ. ಇದಕ್ಕೆ ಪ್ರತಿಯಾಗಿ, ಗಾಯದ ನಷ್ಟಪರಿಹಾರಕ್ಕಾಗಿ ದಾವೆ ಹೂಡುವ ಹಕ್ಕು ಬಹುಮಟ್ಟಿಗೆ ಇಲ್ಲ. ಸಣ್ಣ ಸಾಹಸೋದ್ಯಮಿಗಳು ದಾವೆಯ ಭೀತಿಯಿಲ್ಲದೆ ಹೊಸ ಪ್ರಯೋಗಗಳಿಗೆ ಕೈಹಾಕಲು ಇದು ಅನುವು ಮಾಡಿಕೊಟ್ಟಿತು. ಆದರೆ ದಾವೆಯ ಭೀತಿ ಒಂದು ಕಡಿವಾಣವೂ ಆಗಿತ್ತೆಂಬುದನ್ನು ಮರೆಯಲಾಗದು. ಒಂದು ಕಡಿವಾಣ ತೆಗೆದಲ್ಲಿ ಮತ್ತೊಂದು ಬೇಕಾಗುತ್ತದೆ.

ಅದು ತಡವಾಗಿ ಬಂದಿತು. 2008ರಲ್ಲಿ ಕವರಾವ್ ನದಿಯಲ್ಲಿ ಹಲಗೆ ಹಿಡಿದು ಪ್ರವಾಹದಲ್ಲಿ ತೇಲುವ ಕ್ರೀಡೆಯಲ್ಲಿ ಬ್ರಿಟನ್ನಿನ ಯುವತಿಯೊಬ್ಬರು ಅಸುನೀಗಿದರು. ಬಳಿಕ ಸರ್ಕಾರ ಇಡೀ ಕ್ಷೇತ್ರದ ಪರಿಶೀಲನೆ ನಡೆಸಿ 2011ರಲ್ಲಿ ಸಾಹಸ ಚಟುವಟಿಕೆಗಳ ನಿಯಮಾವಳಿಯನ್ನು ಜಾರಿಗೆ ತಂದಿತು. ಅದರ ವ್ಯಾಪ್ತಿಗೊಳಪಟ್ಟ ಉದ್ಯಮಿಗಳು 2014ರ ನವೆಂಬರ್‌ನೊಳಗೆ ಸ್ವತಂತ್ರ ಸುರಕ್ಷತಾ ಪರಿಶೋಧನೆಗೆ ಒಳಪಟ್ಟು ನೋಂದಾಯಿಸಿಕೊಳ್ಳಬೇಕಾಯಿತು. ಜೆಟ್ ದೋಣಿಗಳ ಮೇಲ್ವಿಚಾರಣೆ ಜಲಸಾರಿಗೆ ಪ್ರಾಧಿಕಾರದ್ದು. ಧುಮುಕುಕೊಡೆಯಂಥ ಗಗನ ಸಾಹಸಗಳದ್ದು ವಿಮಾನಯಾನ ಪ್ರಾಧಿಕಾರದ್ದು. ಪರಿಶೋಧನೆಯ ವೆಚ್ಚ ಸಣ್ಣವರಿಗೆ ಹೊರೆಯೆಂಬ ಆಕ್ಷೇಪ ಸಹಜವಾಗಿಯೇ ಕೇಳಿಬಂದಿತು. ಆ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು: ನೂರು ಗ್ರಾಹಕರಿರುವವನೂ ಲಕ್ಷ ಗ್ರಾಹಕರಿರುವವನೂ ಒಂದೇ ಬಗೆಯ ಕಾಗದಪತ್ರ ಸಿದ್ಧಪಡಿಸಬೇಕಾದಾಗ ಸಣ್ಣವನ ಬೆನ್ನೇ ಮೊದಲು ಬಾಗುತ್ತದೆ. ಆದರೂ ಒಬ್ಬನ ಅಜಾಗ್ರತೆಯಿಂದ ಸಂಭವಿಸುವ ಸಾವು ಇಡೀ ಊರಿನ ವ್ಯಾಪಾರವನ್ನೇ ಮುಳುಗಿಸಬಲ್ಲದಾದ್ದರಿಂದ ಆ ವೆಚ್ಚವನ್ನು ವಿಮೆಯ ಕಂತೆಂದೇ ಭಾವಿಸಬೇಕು.

ಕಾಗದ ಮಾತ್ರ ಜೀವ ಉಳಿಸುವುದಿಲ್ಲ ಎಂಬ ಕಹಿ ಪಾಠ 2019ರ ಡಿಸೆಂಬರ್ 9ರಂದು ದೊರೆಯಿತು. ಉತ್ತರ ದ್ವೀಪದ ಕರಾವಳಿಯಾಚೆಯ ಫಕಾರಿ, ಅಂದರೆ ವೈಟ್ ಐಲೆಂಡ್ ಎಂಬ ಜ್ವಾಲಾಮುಖಿ ದ್ವೀಪ ಸ್ಫೋಟಿಸಿದಾಗ ಅಲ್ಲಿ 47 ಜನರಿದ್ದರು. 22 ಜನ ಪ್ರಾಣ ಕಳೆದುಕೊಂಡರು. ಜ್ವಾಲಾಮುಖಿಯ ಎಚ್ಚರಿಕೆಯ ಮಟ್ಟವನ್ನು ಹಿಂದಿನ ತಿಂಗಳಷ್ಟೇ ಏರಿಸಲಾಗಿತ್ತು. ಪ್ರವಾಸ ನಡೆಸುತ್ತಿದ್ದ ಪ್ರಮುಖ ಸಂಸ್ಥೆ ನಿಯಮಾವಳಿಯಡಿ ನೋಂದಾಯಿತವೇ ಆಗಿತ್ತು. 2020ರಲ್ಲಿ 13 ಪಕ್ಷಗಳ ಮೇಲೆ ಮೊಕದ್ದಮೆ ಹೂಡಲಾಯಿತು. ದ್ವೀಪದ ಒಡೆತನದ ಸಂಸ್ಥೆ ತಪ್ಪಿತಸ್ಥವೆಂದು 2023ರಲ್ಲಿ ಬಂದ ತೀರ್ಪು 2025ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ರದ್ದಾಯಿತು. ಹೊಣೆ ಯಾರದೆಂಬ ಪ್ರಶ್ನೆ ಎಷ್ಟು ಜಟಿಲವೆಂಬುದಕ್ಕೆ ಇದೇ ಸಾಕ್ಷಿ. 2024ರ ಏಪ್ರಿಲ್‌ನಿಂದ ನಿಯಮಗಳು ಬಿಗಿಯಾಗಿವೆ: ಗಂಭೀರ ನೈಸರ್ಗಿಕ ಅಪಾಯಗಳಿದ್ದರೆ ಉದ್ಯಮಿ ಅದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಲೇಬೇಕು. ಸರಕಿನ ದೋಷವನ್ನು ಮುಚ್ಚಿಟ್ಟು ಮಾರಬಾರದೆಂಬ ವ್ಯಾಪಾರಧರ್ಮ ಶಾಸನದ ರೂಪ ಪಡೆದದ್ದು ಹೀಗೆ.

ಕರ್ನಾಟಕದ ಉದ್ಯಮಿಗಳ ಮುಂದಿರುವ ಕರ್ತವ್ಯ

ಈ ಪಾಠಗಳು ಕರ್ನಾಟಕಕ್ಕೆ ದೂರದವಲ್ಲ. ದಾಂಡೇಲಿಯ ಕಾಳಿ ನದಿಯಲ್ಲಿ ರಬ್ಬರ್ ದೋಣಿಯ ವಿಹಾರ, ಕೊಡಗು ಚಿಕ್ಕಮಗಳೂರುಗಳಲ್ಲಿ ಚಾರಣ, ಬೆಂಗಳೂರು ಮೈಸೂರುಗಳಲ್ಲಿ ಬಾಡಿಗೆ ಮೋಟಾರ್ ಸೈಕಲ್ ಇವು ಇಂದು ಸಾವಿರಾರು ಸಣ್ಣ ಉದ್ಯಮಿಗಳ ಜೀವನಾಧಾರ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2018ರಲ್ಲಿ ಸಾಹಸ ಪ್ರವಾಸೋದ್ಯಮಕ್ಕೆ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ಮಾರ್ಗಸೂಚಿ ಮಾರ್ಗಸೂಚಿಯೇ ಹೊರತು ಶಾಸನವಲ್ಲ. ನ್ಯೂಜಿಲೆಂಡಿನಂಥ ಸಾರ್ವತ್ರಿಕ ಅಪಘಾತ ಪರಿಹಾರ ಯೋಜನೆಯೂ ಭಾರತದಲ್ಲಿಲ್ಲ. ಸೇವೆಯಲ್ಲಿ ಲೋಪವಾದರೆ ಗಾಯಾಳು ಗ್ರಾಹಕ ಆಯೋಗದ ಅಥವಾ ನ್ಯಾಯಾಲಯದ ಮೆಟ್ಟಿಲೇರಬೇಕು. ಹಾಗಾಗಿ ಇಲ್ಲಿನ ಉದ್ಯಮಿಯ ಮೇಲಿನ ಹೊಣೆ ಹೆಚ್ಚೇ ಹೊರತು ಕಡಿಮೆಯಲ್ಲ.

ಮೃತ್ಯು ಸಂಭವಿಸಿ, ಜಿಲ್ಲಾಡಳಿತ ಚಟುವಟಿಕೆಯನ್ನೇ ನಿಷೇಧಿಸಿ, ಪ್ರಾಮಾಣಿಕನೂ ಅಪ್ರಾಮಾಣಿಕನೂ ಒಟ್ಟಿಗೆ ಬೀದಿಗೆ ಬೀಳುವವರೆಗೆ ಕಾಯುವುದು ಜಾಣತನವಲ್ಲ. ವಾಣಿಜ್ಯ ಸಂಸ್ಥೆಗಳೇ ಮುಂದಾಗಿ ತಮ್ಮ ಜಿಲ್ಲೆಯ ಸಾಹಸೋದ್ಯಮಿಗಳನ್ನು ಒಂದೆಡೆ ಸೇರಿಸಬೇಕು. ಸಾಧನಗಳ ಬಳಕೆಯ ದಾಖಲೆ ಪುಸ್ತಕ, ಮಾರ್ಗದರ್ಶಕರ ತರಬೇತಿ, ಗ್ರಾಹಕನ ಭಾಷೆಯಲ್ಲಿ ಅಪಾಯದ ತಿಳಿವಳಿಕೆ, ಎಲ್ಲರೂ ಪಾಲುಗೊಳ್ಳುವ ಸಾಮೂಹಿಕ ವಿಮೆ ಈ ನಾಲ್ಕನ್ನು ಸರ್ಕಾರದ ಆದೇಶಕ್ಕೆ ಕಾಯದೆ ಆರಂಭಿಸಬಹುದು. ಪರಿಶೋಧಕರನ್ನು ಎಲ್ಲರೂ ಕೂಡಿ ನೇಮಿಸಿಕೊಂಡರೆ ಸಣ್ಣವರ ಹೊರೆಯೂ ತಗ್ಗುತ್ತದೆ. ಜೀವರಕ್ಷಕ ಅಂಗಿ, ಸೊಂಟಪಟ್ಟಿ, ಕೊಂಡಿ, ಹೆಲ್ಮೆಟ್ ಮೊದಲಾದ ಸಲಕರಣೆಗಳ ಗುಣಮಟ್ಟದ ತಯಾರಿಕೆ ರಾಜ್ಯದ ಸಣ್ಣ ಕೈಗಾರಿಕೆಗಳ ಅಳವಿಗೆ ಮೀರಿದ್ದಲ್ಲ. ಹ್ಯಾಮಿಲ್ಟನ್ ಅವರ ಉದಾಹರಣೆ ಕಣ್ಣ ಮುಂದಿದೆ.

ವಿದೇಶಕ್ಕೆ ಒಬ್ಬರೇ ಹೊರಡುವ ಇಲ್ಲಿನ ಸವಾರರಿಗೂ ಒಂದು ಮಾತು ಅನ್ವಯಿಸುತ್ತದೆ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಜೊತೆಗಿದ್ದರಷ್ಟೇ ಸಾಲದು. ಪ್ರಯಾಣ ವಿಮೆಯ ಹಲವು ಪಾಲಿಸಿಗಳು ಮೋಟಾರ್ ಸೈಕಲ್ ಸವಾರಿಯನ್ನೂ ಸಾಹಸ ಕ್ರೀಡೆಗಳನ್ನೂ ಪ್ರತ್ಯೇಕ ಕಂತಿಲ್ಲದೆ ಒಳಗೊಳ್ಳುವುದಿಲ್ಲ. ನ್ಯೂಜಿಲೆಂಡಿನ ಸರ್ಕಾರಿ ಯೋಜನೆಯೂ ಗಾಯಾಳುವನ್ನು ಸ್ವದೇಶಕ್ಕೆ ಕರೆತರುವ ವೆಚ್ಚವನ್ನಾಗಲಿ, ಊರಿನಲ್ಲಿ ನಿಂತುಹೋದ ವ್ಯಾಪಾರದ ಆದಾಯವನ್ನಾಗಲಿ ಭರಿಸುವುದಿಲ್ಲ. ಏಕಾಂಗಿ ಮಾಲೀಕನ ಅಂಗಡಿಗೆ ಮಾಲೀಕನೇ ಬಂಡವಾಳ. ಆತ ಮೂರು ತಿಂಗಳು ಹಾಸಿಗೆ ಹಿಡಿದರೆ ನಷ್ಟ ಯಾರಿಗೆಂಬುದನ್ನು ಹೊರಡುವ ಮುನ್ನವೇ ಯೋಚಿಸುವುದು ಒಳಿತು.

ಸೇತುವೆಯ ಅಂಚಿನಲ್ಲಿ ನಿಂತ ಅಪರಿಚಿತ ಗ್ರಾಹಕ ತನ್ನ ಪ್ರಾಣವನ್ನು ಒಬ್ಬ ಸಣ್ಣ ವ್ಯಾಪಾರಿಯ ಕೈಗೆ ಒಪ್ಪಿಸುತ್ತಾನೆ. ಇದಕ್ಕಿಂತ ದೊಡ್ಡ ಸಾಲ ವ್ಯಾಪಾರದಲ್ಲಿ ಬೇರೊಂದಿಲ್ಲ. ಆ ಸಾಲವನ್ನು ಪ್ರತಿದಿನವೂ ಚುಕ್ತಾ ಮಾಡಬಲ್ಲವರಿಗೆ ಮಾತ್ರ ಈ ಉದ್ಯಮದಲ್ಲಿ ಭವಿಷ್ಯವಿದೆ.